‘ತಪ್ಪಾಯಿತು’ ಎಂಬ ಮಾತಿನ ಅರ್ಥ

ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ಕೊಟ್ಟ ಮಾತು ತಪ್ಪುತ್ತದೆ. ಸೇರಬೇಕಾದಲ್ಲಿಗೆ ಸೇರದೆ ಹೋಗುವುದೇ ‘ತಪ್ಪು’ ಎಂಬ ಶಬ್ದದ ತಿರುಳು. ವ್ರತಿಕನ ವಿಷಯದಲ್ಲಿ ಶಾಸ್ತ್ರವು ಇದನ್ನು ಅತಿಚಾರವೆನ್ನುತ್ತದೆ. ಅದು ವ್ರತವನ್ನು ಪೂರ್ಣವಾಗಿ ತೊರೆದದ್ದಲ್ಲ. ವ್ರತದ ಏಕದೇಶ ಭಂಗ.

ಲೋಕವ್ಯವಹಾರದಲ್ಲಾದರೋ ಈ ಶಬ್ದವು ಬಹು ಸುಲಭವಾಗಿದೆ. ಕಾಲು ತಾಗಿದರೆ ‘ತಪ್ಪಾಯಿತು’; ಹೇಳಿದ ಹೊತ್ತಿಗೆ ಬಾರದಿದ್ದರೆ ‘ತಪ್ಪಾಯಿತು’. ಈ ಮಾತಿನಲ್ಲಿ ವಿನಯವುಂಟು, ಕರ್ತೃವಿಲ್ಲ. ಮಳೆಯಾಯಿತು, ಬೆಳಗಾಯಿತು ಎಂಬಂತೆ ತಪ್ಪೂ ತಾನಾಗಿಯೇ ಆಯಿತು! ‘ತಪ್ಪು ಮಾಡಿದೆನು’ ಎನ್ನಲು ಮಾತ್ರ ನಾಲಗೆ ತಡವರಿಸುತ್ತದೆ.

ಒಬ್ಬ ಶ್ರಾವಿಕೆಯು ಅನಂತಚತುರ್ದಶಿಯಂದು ಉಪವಾಸವನ್ನು ಕೈಗೊಂಡಿದ್ದಳು. ದಿನವೆಲ್ಲ ಬಸದಿಯಲ್ಲಿ ಅಭಿಷೇಕ, ಪೂಜೆ, ಸ್ವಾಧ್ಯಾಯ. ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮುಂಜಾನೆಯೇ ಬಂದ ಕೆಲಸದಾಕೆಗೆ ಪ್ರತಿದಿನದ ಊಟವನ್ನು ಕೊಡುವವರಿಲ್ಲವಾಯಿತು. ಸಂಜೆ ಆಕೆಯ ಬಾಡಿದ ಮುಖವನ್ನು ಕಂಡು ಒಡತಿಯು, “ಅಯ್ಯೋ, ತಪ್ಪಾಯಿತಮ್ಮ” ಎಂದಳು.

“ಇರ್ಲಿ ಬಿಡಿ ಅಮ್ಮಾವ್ರೇ, ನಿಮ್ಮದೂ ಉಪವಾಸ, ನಂದೂ ಉಪವಾಸ” ಎಂದು ಆಕೆ ನಕ್ಕು ಹೊರಟಳು.

ಆ ನಗುವು ಒಡತಿಯ ನಿದ್ರೆಯನ್ನು ಕೆಡಿಸಿತು. ತನ್ನದು ತಾನಾಗಿ ತ್ಯಜಿಸಿದ ಅನ್ನ. ಅವಳದು ಪರರಿಂದ ತಡೆಯಲ್ಪಟ್ಟ ಅನ್ನ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣಗಳ ಸಾಲಿನಲ್ಲಿಯೇ ಅನ್ನಪಾನನಿರೋಧವೂ ಇದೆ. ಮರೆತೆನೆಂಬುದು ನೆಪವಾಗಲಾರದು, ಪ್ರಮಾದವೇ ಹಿಂಸೆಯ ಬೇರು.

ಅದೇ ಗ್ರಂಥದ 9ನೆಯ ಅಧ್ಯಾಯದಲ್ಲಿ ಎಣಿಸಿದ 9 ಪ್ರಾಯಶ್ಚಿತ್ತಗಳಲ್ಲಿ ಆಲೋಚನೆಯು ಮೊದಲನೆಯದು. ಆಲೋಚನೆಯೆಂದರೆ ಇಲ್ಲಿ ಬರಿಯ ಚಿಂತನೆಯಲ್ಲ. ಗುರುವಿನ ಮುಂದೆ ತನ್ನ ಪ್ರಮಾದವನ್ನು ಮರೆಮಾಚದೆ ನಿವೇದಿಸುವುದು. ಅದಕ್ಕೂ 10 ದೋಷಗಳುಂಟು. ಇತರರು ಕಂಡದ್ದನ್ನಷ್ಟೇ ಹೇಳುವುದು ಒಂದು. ಗದ್ದಲದ ನಡುವೆ ಕೇಳಿಸದಂತೆ ಹೇಳುವುದು ಇನ್ನೊಂದು. ಕ್ಷಮಾವಾಣಿಯ ದಿನ ನೂರು ಜನರಿಗೆ ಕೈಮುಗಿದು, ತಾವು ನೋಯಿಸಿದ ಒಬ್ಬರ ಮನೆಬಾಗಿಲನ್ನು ಮಾತ್ರ ಬಿಟ್ಟುಹೋಗುವವರೂ ಈ ದೋಷಗಳಿಗೆ ದೂರದವರಲ್ಲ.

ಮರುದಿನ ಪಾರಣೆಗೆ ಮುನ್ನ ಆ ಶ್ರಾವಿಕೆಯು ಕೆಲಸದಾಕೆಗೆ ಎಲೆ ಹಾಕಿ ಬಡಿಸಿದಳು. “ನಿನ್ನೆ ನಿನ್ನ ಊಟವನ್ನು ತಪ್ಪಿಸಿದವಳು ನಾನು” ಎಂದಳು. ಆಕೆ ಉಂಡೆದ್ದ ಮೇಲೆ ತಾನು ಪಾರಣೆ ಮಾಡಿದಳು. ಬಳಿಕ ಗುರುಸನ್ನಿಧಿಯಲ್ಲಿಯೂ ನಿವೇದಿಸಿದಳು.

ವ್ರತ ಕೈಗೊಂಡ ದಿನ ಶ್ರಾವಕ ಶ್ರಾವಿಕೆಯರು ತಮ್ಮ ಆಶ್ರಯದಲ್ಲಿರುವ ಮನುಷ್ಯರ, ದನಕರುಗಳ ಅನ್ನ ನೀರನ್ನು ಮೊದಲು ವಿಚಾರಿಸತಕ್ಕದ್ದು. ತಪ್ಪಿದಲ್ಲಿ, ‘ತಪ್ಪಿದೆನು’ ಎನ್ನತಕ್ಕದ್ದು.