ಕ್ಷಮಿಸುವವರು ಯಾರು?

ತಪ್ಪು ಮಾಡಿ ಜೈಲಿಗೆ ಹೋದವರಿಗೆ ಇನ್ನೊಂದು ಅವಕಾಶ ಕೊಡಬೇಕೆ? ಹೀಗೆ ಕೇಳಿದರೆ ನಾವೆಲ್ಲ ‘ಕೊಡಬೇಕಪ್ಪ, ಅವರೂ ಮನುಷ್ಯರಲ್ಲವೆ’ ಎನ್ನುತ್ತೇವೆ. ಆದರೆ ಜೈಲಿನಿಂದ ಬಂದವನೊಬ್ಬ ನಮ್ಮ ಹಿತ್ತಿಲ ಮನೆಯನ್ನು ಬಾಡಿಗೆಗೆ ಕೇಳಲಿ, ಅಂಥ ಹೆಂಗಸೊಬ್ಬಳು ಪಾತ್ರೆ ತೊಳೆಯುವ ಕೆಲಸಕ್ಕೆ ಬರಲಿ, ಆಗ ನಮ್ಮ ಉತ್ತರವೇ ಬೇರೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಒಡವೆ ವಸ್ತು ಇದೆ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಆ ಅಂಜಿಕೆಯೂ ಸುಳ್ಳಲ್ಲ.

ಒಮ್ಮೆ ಮಹಿಳಾ ಸಮಾಜದಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, ‘ಮಗಳನ್ನು ಸುಟ್ಟು ಕೊಂದವರನ್ನು ಕ್ಷಮಿಸು ಅಂತ ಆ ತಾಯಿಗೆ ಹೇಳೋದಕ್ಕೆ ನಾವ್ಯಾರು?’ ಎಂದರು. ಯಾರೂ ಉಸಿರೆತ್ತಲಿಲ್ಲ. ಅವರ ಮಾತು ನಿಜ. ಕ್ಷಮೆ ನೊಂದವರ ಸೊತ್ತು. ಅವರ ಪರವಾಗಿ ಅದನ್ನು ನ್ಯಾಯಾಲಯವೂ ಕೊಡಲಾರದು, ಊರವರೂ ಕೊಡಲಾರರು. ಆದರೆ ಕ್ಷಮೆ ಬೇರೆ, ಬದುಕಲು ಬಿಡುವುದು ಬೇರೆ ಎಂದು ನನಗೆ ತಿಳಿಸಿಕೊಟ್ಟದ್ದು ಅಂಗುಲಿಮಾಲನ ಕಥೆ.

ಕೊಂದವರ ಬೆರಳುಗಳನ್ನು ಮಾಲೆ ಮಾಡಿ ಧರಿಸುತ್ತಿದ್ದವನು ಬುದ್ಧನನ್ನು ಕಂಡು ಭಿಕ್ಷುವಾದ, ಅಲ್ಲಿಗೆ ನಾವು ಕಥೆ ಮುಗಿಸುತ್ತೇವೆ. ಪಾಳಿಯ ಮಜ್ಝಿಮನಿಕಾಯದಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಹೆಂಟೆ, ಕೋಲು ಬೀಳುತ್ತವೆ. ತಲೆಯೊಡೆದು ರಕ್ತ ಸುರಿಸುತ್ತ ಬಂದವನಿಗೆ ಬುದ್ಧ ‘ಸಹಿಸಿಕೊ’ ಎನ್ನುತ್ತಾನೆ. ಇವನನ್ನು ಕ್ಷಮಿಸಿ ಎಂದು ಊರವರಿಗೆ ಹೇಳುವುದಿಲ್ಲ. ಇವನನ್ನು ಸಂಘದಿಂದ ಹೊರಗಟ್ಟುವುದೂ ಇಲ್ಲ. ಅದೇ ಅಂಗುಲಿಮಾಲ ಹೆರಿಗೆಯ ಬೇನೆಯಲ್ಲಿ ನರಳುತ್ತಿದ್ದ ಹೆಂಗಸೊಬ್ಬಳನ್ನು ಹರಸುತ್ತಾನೆ. ಶ್ರೀಲಂಕಾದಂಥ ಬೌದ್ಧರ ನಾಡುಗಳಲ್ಲಿ ಇಂದಿಗೂ ಬಸುರಿಯರಿಗಾಗಿ ಆ ಹರಕೆಯ ಮಾತುಗಳನ್ನು ಪಠಿಸುತ್ತಾರೆ.

ನಮ್ಮ ಕಾನೂನೂ ಯಾರನ್ನೂ ಸುಲಭವಾಗಿ ಬಿಡುವುದಿಲ್ಲ. ಜೀವಾವಧಿ ಶಿಕ್ಷೆ ಎಂದರೆ 14 ವರ್ಷ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಬದುಕಿರುವಷ್ಟು ಕಾಲದ ಶಿಕ್ಷೆ. ಕೊಲೆಯಂಥ ಅಪರಾಧವಾದರೆ ಕನಿಷ್ಠ 14 ವರ್ಷ ಒಳಗಿದ್ದ ಮೇಲೆಯೇ ಬಿಡುಗಡೆ ಎಂಬ ನಿಯಮ 1978ರಿಂದ ಇದೆ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಇಂಥ ಕೈದಿಗಳಿಗೆ ನಾಟಕ ಕಲಿಸಿ, ಜೈಲಿನ ಹೊರಗೂ ಆಡಿಸಿದರು. ಅವರು ಆಡಿದ್ದರಲ್ಲಿ ಮ್ಯಾಕ್‌ಬೆತ್‌ನ ಕನ್ನಡ ರೂಪವಾದ ‘ಮಾರನಾಯಕನ ದೃಷ್ಟಾಂತ’ವೂ ಒಂದು. ಕೊಲೆಯ ಪಾಪ ಕೊಂದವರನ್ನೇ ಕಾಡುವ ಕಥೆ ಅದು. ಜನ ಚಪ್ಪಾಳೆ ತಟ್ಟಿದರು. ಬಿಡುಗಡೆಯಾದ ಮೇಲೆ ಆ ನಟ ಕೆಲಸ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರೆ?

ಕಣ್ಣು ಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಯಾರ ಕೈಗೆ ಒಪ್ಪಿಸುವಾಗಲೂ ಹತ್ತು ಸಲ ಯೋಚಿಸಬೇಕು. ಆದರೆ ಇಸ್ತ್ರಿಗೆ ನಾಲ್ಕು ಬಟ್ಟೆ ಕೊಡಲು, ತೋಟದ ಕೆಲಸಕ್ಕೆ ಕರೆಯಲು ಅಷ್ಟೊಂದು ಯೋಚನೆ ಬೇಕೆ? ದುಡಿದು ಉಣ್ಣುವ ದಾರಿಯೇ ಇಲ್ಲದವನು ಮತ್ತೆ ಹಳೆಯ ದಾರಿ ಹಿಡಿದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಸಿಟ್ಟು ಅವಳದು. ಅವಳು ಸಾಯುವವರೆಗೆ ಇಟ್ಟುಕೊಳ್ಳಲಿ, ಯಾರೂ ಬೇಡವೆನ್ನಬಾರದು. ಏನನ್ನೂ ಕಳೆದುಕೊಳ್ಳದ ನಾವು ಆ ಸಿಟ್ಟನ್ನು ಕಡ ತಂದು, ನ್ಯಾಯಾಲಯ ಮುಗಿಸಿದ ಶಿಕ್ಷೆಯನ್ನು ಬೀದಿಯಲ್ಲಿ ಮುಂದುವರಿಸುವುದು ಬೇಡ.