ಸಾರಥಿಯಿಲ್ಲದ ಆಟ

ಕುಸ್ತಿ ನೋಡಲು ಕುಸ್ತಿ ಬರಬೇಕಾಗಿಲ್ಲ. ತೊಗರಿ ರಾಶಿ ಮುಗಿದು ಜಾತ್ರೆಗಳ ಕಾಲ ಶುರುವಾದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಕುಸ್ತಿ ಕಣದ ಸುತ್ತ ಜನ ಸೇರುತ್ತಾರೆ. ಅವರಲ್ಲಿ ಹೆಚ್ಚಿನವರು ಒಂದು ದಿನವೂ ಗರಡಿಯ ಮಣ್ಣು ಮುಟ್ಟಿದವರಲ್ಲ. ಆದರೂ ಯಾರು ಗೆದ್ದರು, ಯಾರು ಸೋತರು, ಯಾರು ಬರೀ ಕಾಲ ತಳ್ಳುತ್ತಿದ್ದಾರೆ ಎಂಬುದು ಅವರಿಗೆಲ್ಲ ಗೊತ್ತಾಗುತ್ತದೆ.

ಅದೇ ಊರುಗಳ ಕಟ್ಟೆಯ ಮೇಲೆ ನಾಲ್ವರು ಹುಡುಗರು ಫೋನ್ ಹಿಡಿದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಡುತ್ತಿರುತ್ತಾರೆ. ಅವರ ಭುಜದ ಮೇಲಿಂದ ಬಗ್ಗಿ ನೋಡುವ ಐದನೆಯವನು ತನ್ನ ಸರದಿಗೆ ಕಾಯುತ್ತಿರುವ ಇನ್ನೊಬ್ಬ ಆಟಗಾರ. ಈ ಆಟದ ದೊಡ್ಡ ಪಂದ್ಯಗಳನ್ನು ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ನೋಡುತ್ತಾರೆ, ನಿಜ. ಆದರೆ ಅವರೂ ಬಹುಮಟ್ಟಿಗೆ ಆಡುವವರೇ. 2022ರಲ್ಲಿ ಇದರ ಪಂದ್ಯಾವಳಿಯೊಂದು ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲೇ ಪ್ರಸಾರವಾಯಿತು. ಕ್ರಿಕೆಟ್ ಬರುವ ಅದೇ ಟಿವಿಯಲ್ಲಿ ಬಂದರೂ, ಕ್ರಿಕೆಟ್ಟಿನಂತೆ ಅದು ಮನೆಮಂದಿಯೆಲ್ಲ ಕುಳಿತು ನೋಡುವ ಆಟವಾಗಲಿಲ್ಲ. ಆಡದವರು ಈ ಆಟವನ್ನು ಯಾಕೆ ನೋಡುವುದಿಲ್ಲ? ನೋಡದಿದ್ದರೆ ಏನು ನಷ್ಟ? ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಪ್ರಶ್ನೆ. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲಾಗದು.

ನಮ್ಮ ಕಡೆಯ ಹಿರಿಯರೊಬ್ಬರು ಫೋನಿನ ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಹೇಳಿದ ಮಾತು ಇದು: "ಯಾರಿಗಿ ಯಾರ ಹೊಡಿಲಾಕತ್ಯಾರ ಅದೇ ತಿಳಿವಲ್ದು ನೋಡಪ." ಆಟ ಕಷ್ಟದ್ದು ಎಂದು ಅವರು ದೂರುತ್ತಿರಲಿಲ್ಲ. ಕಷ್ಟದ ಆಟಗಳನ್ನು ನಮ್ಮವರು ಧಾರಾಳವಾಗಿ ನೋಡುತ್ತಾರೆ. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ನಿಯಮವನ್ನು ತಪ್ಪಿಲ್ಲದೆ ವಿವರಿಸಿ ಎಂದರೆ ಅಭಿಮಾನಿಗಳೂ ತಡವರಿಸುತ್ತಾರೆ. ಕುಸ್ತಿಯ ಪಟ್ಟುಗಳನ್ನು ಹೆಸರು ಹಿಡಿದು ಗುರುತಿಸಬಲ್ಲವರು ಕಣದ ಸುತ್ತ ಕೆಲವರೇ. ಆದರೆ ಈ ಆಟಗಳಿಗೆ ಎರಡು ಪದರಗಳಿವೆ. ಮೇಲಿನ ಪದರ ಎಲ್ಲರಿಗೂ ಕಾಣುತ್ತದೆ: ಬೆನ್ನು ಮಣ್ಣಿಗೆ ತಾಗಿದರೆ ಸೋಲು, ಚೆಂಡು ಗೆರೆ ದಾಟಿದರೆ ನಾಲ್ಕು. ಒಳಪದರ ಬಲ್ಲವರಿಗೆ. ನೋಡುಗ ಮೇಲಿನದನ್ನು ಹಿಡಿದುಕೊಂಡು, ಪಕ್ಕದವನ ಮಾತು ಕೇಳುತ್ತ ಕೇಳುತ್ತ ಒಳಗಿನದಕ್ಕೆ ಇಳಿಯುತ್ತಾನೆ. ಜಾತ್ರೆಯ ಕುಸ್ತಿಯ ಕ್ರಮವೇ ಅವನಿಗೆ ಪಾಠ. ಮೊದಲು ತೆಂಗಿನಕಾಯಿಗಾಗಿ ಹಿಡಿಯುವ ಚಿಕ್ಕ ಹುಡುಗರು, ಕೊನೆಗೆ ಬೆಳ್ಳಿ ಕಡಕ್ಕಾಗಿ ಇಳಿಯುವ ಹೆಸರಾಂತ ಪೈಲ್ವಾನರು. ಆ ಕೊನೆಯ ಜೋಡಿ ಕಣಕ್ಕೆ ಬರುವ ಹೊತ್ತಿಗೆ ನೋಡುಗನ ಕಣ್ಣು ಪಳಗಿರುತ್ತದೆ.

ಬಿಜಿಎಂಐನಲ್ಲಿ ಮೇಲಿನ ಪದರವೇ ತೆಳು. ಪಂದ್ಯವೊಂದರಲ್ಲಿ ಸಾಮಾನ್ಯವಾಗಿ 16 ತಂಡ, ಒಂದೊಂದರಲ್ಲಿ ನಾಲ್ವರು, ಒಟ್ಟು 64 ಜನ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಕಲ್ಪಿತ ನೆಲದ ಮೇಲೆ ಅವರು ಚದುರಿರುತ್ತಾರೆ. ಪರದೆಯಲ್ಲಿ ಒಂದು ಹೊತ್ತಿಗೆ ಒಬ್ಬನ ಕಣ್ಣಿಗೆ ಕಂಡದ್ದಷ್ಟೇ ಕಾಣುತ್ತದೆ. ಅಲ್ಲಿ ಏನು ನಡೆಯುತ್ತಿದೆ ಎಂದು ಅರಿಯುವಷ್ಟರಲ್ಲಿ ಪ್ರಸಾರ ಮತ್ತೊಬ್ಬನ ಕಣ್ಣಿಗೆ ಜಿಗಿದಿರುತ್ತದೆ. ಕೊನೆಯವರೆಗೆ ಉಳಿದ ತಂಡ ಆ ಒಂದು ಪಂದ್ಯ ಗೆದ್ದಂತೆ. ಆದರೆ ಪ್ರಶಸ್ತಿ ಹೋಗುವುದು ಹಲವು ಪಂದ್ಯಗಳಲ್ಲಿ ಉಳಿದ ಸ್ಥಾನಕ್ಕೂ ಹೊಡೆದ ಎದುರಾಳಿಗಳಿಗೂ ಬಂದ ಅಂಕಗಳನ್ನು ಕೂಡಿಸಿದ ಮೇಲೆ. ಹಾಗಾಗಿ ಕಣ್ಣೆದುರು ಗೆದ್ದವನು ಪಟ್ಟಿಯಲ್ಲಿ ಸೋತಿರಬಹುದು.

ಎಲ್ಲ ವಿಡಿಯೋ ಗೇಮ್‌ಗಳೂ ಹೀಗಲ್ಲ. 2004ರ ಇವೋ ಪಂದ್ಯಾವಳಿಯಲ್ಲಿ ಜಪಾನಿನ ಡೈಗೊ ಉಮೆಹಾರ ಅಮೆರಿಕದ ಜಸ್ಟಿನ್ ವಾಂಗ್ ವಿರುದ್ಧ ಸ್ಟ್ರೀಟ್ ಫೈಟರ್ ಆಡಿದ ತುಣುಕನ್ನು ಆ ಆಟ ಕೇಳಿಯೇ ಇರದವರಿಗೆ ತೋರಿಸಿ ನೋಡಿ. ಇಬ್ಬರು ಎದುರುಬದುರು ನಿಂತಿದ್ದಾರೆ. ತಲೆಯ ಮೇಲಿನ ಪಟ್ಟಿಯಲ್ಲಿ ಒಬ್ಬನ ಜೀವ ಕೂದಲೆಳೆಯಷ್ಟು ಉಳಿದಿದೆ. ಏಟಿನ ಮೇಲೆ ಏಟು ಬೀಳುತ್ತದೆ, ಅವನು ಒಂದೊಂದನ್ನೂ ತಡೆದು ತಿರುಗಿ ಹೊಡೆದು ಗೆಲ್ಲುತ್ತಾನೆ. ಬೆರಳಿನ ಲೆಕ್ಕಾಚಾರ ತಿಳಿಯದವರೂ ಉಸಿರು ಬಿಗಿಹಿಡಿಯುತ್ತಾರೆ. ಅದು ಪರದೆಯ ಮೇಲಿನ ಕುಸ್ತಿ.

ತತ್ವಶಾಸ್ತ್ರಜ್ಞ ಸಿ. ಥಿ ನುಯೆನ್ 2020ರಲ್ಲಿ ಪ್ರಕಟಿಸಿದ 'ಗೇಮ್ಸ್: ಏಜೆನ್ಸಿ ಆ್ಯಸ್ ಆರ್ಟ್' ಪುಸ್ತಕ ಇಲ್ಲಿ ನೆರವಿಗೆ ಬರುತ್ತದೆ. ಚಿತ್ರ, ಶಿಲ್ಪಗಳ ಸೊಗಸು ನಮ್ಮೆದುರಿನ ವಸ್ತುವಿನಲ್ಲಿರುತ್ತದೆ. ಆಟದ ಸೊಗಸಿನ ಬಹುಪಾಲು ಆಡುವವನ ಸ್ವಂತ ಕ್ರಿಯೆಯಲ್ಲಿ, ಅವನು ನಿರ್ಧರಿಸುವ, ತಡವರಿಸುವ, ದಾರಿ ಕಂಡುಕೊಳ್ಳುವ ಅನುಭವದಲ್ಲಿರುತ್ತದೆ ಎಂಬುದು ಅವರ ವಾದ. ಬಿಜಿಎಂಐ ಆಡುವವನು ಹೆಜ್ಜೆಯ ಸಪ್ಪಳ ಕೇಳಿ ಎದುರಾಳಿ ಎಲ್ಲಿದ್ದಾನೆಂದು ಊಹಿಸುತ್ತಾನೆ, ಕುಗ್ಗುತ್ತಿರುವ ವಲಯ ಮುಂದೆ ಎಲ್ಲಿ ನಿಲ್ಲಬಹುದೆಂದು ಎಣಿಸುತ್ತಾನೆ, ಕೈಗೆ ಸಿಕ್ಕ ಬೇಟೆಯನ್ನು ಬಿಟ್ಟು ಅಡಗಿ ಕೂರಲು ನಿರ್ಧರಿಸುತ್ತಾನೆ. ಇವೆಲ್ಲ ನಿಜವಾದ ಕೌಶಲಗಳೇ. ಆದರೆ ನಡೆಯುವುದು ಅವನ ತಲೆಯೊಳಗೆ. ಹೊರಗೆ ಕಾಣುವುದು ಹುಲ್ಲಿನಲ್ಲಿ ಸುಮ್ಮನೆ ಮಲಗಿರುವ ಒಂದು ಬೊಂಬೆ.

ಹಾಗಿದ್ದರೆ ಇರಲಿ ಬಿಡಿ, ಆಡುವವನಿಗೆ ಖುಷಿಯಾದರೆ ಸಾಲದೆ ಎಂದು ಕೇಳಬಹುದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಪ್ರತಿಯೊಂದು ಸುಖಕ್ಕೂ ಸಾಕ್ಷಿ ಬೇಕಿಲ್ಲ. ಪಿಎಚ್‌.ಡಿ. ಪ್ರಬಂಧಗಳನ್ನು ಓದುವವರೂ ಬೆರಳೆಣಿಕೆಯಷ್ಟೇ, ಆದರೂ ನಾನು ಬರೆಯುತ್ತಿದ್ದೇನೆ. ಆದರೆ ಹುಡುಗನೊಬ್ಬ 'ಇದು ನನ್ನ ಸ್ಪರ್ಧೆ, ಇದರಲ್ಲೇ ಮುಂದೆ ಬರುತ್ತೇನೆ' ಎಂದ ಕ್ಷಣ ಅವನು ಸುತ್ತಲಿನವರಿಂದ ಏನನ್ನೋ ಕೇಳುತ್ತಿದ್ದಾನೆ. ಸಮಯ, ದುಡ್ಡು, ನಂಬಿಕೆ. ಪೈಲ್ವಾನನಿಗೆ ಊರು ಇವನ್ನು ಕೊಟ್ಟಿತ್ತು. ಅವನ ಹಾಲು, ಬಾದಾಮಿ, ತುಪ್ಪದ ಖುರಾಕಿಗೆ ಊರವರೂ ಕೈಜೋಡಿಸುತ್ತಿದ್ದರು. ಅದರ ಜೊತೆಗೆ ಅವನ ಮೇಲೆ ಕಣ್ಣೂ ಇಟ್ಟಿರುತ್ತಿದ್ದರು. ಅವನು ಚಟಕ್ಕೆ ಬಿದ್ದರೆ ಕೇಳುತ್ತಿದ್ದರು, ಗಾಯಗೊಂಡರೆ ಇನ್ನು ಸಾಕು ಎನ್ನುತ್ತಿದ್ದರು. ಆಟ ಅರ್ಥವಾಗುವ ನೋಡುಗ ಚಪ್ಪಾಳೆ ಹೊಡೆದು ಎದ್ದುಹೋಗುವುದಿಲ್ಲ. ಆಟಗಾರನ ಹೊಣೆಯಲ್ಲಿ ಅವನಿಗೂ ಒಂದು ಪಾಲು ಬರುತ್ತದೆ.

ಫೋನ್ ಹಿಡಿದ ಹುಡುಗನಿಗೆ ಇಂಥ ಯಾರೂ ಇಲ್ಲ. ಆಗಸ್ಟ್ 2025ರಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಇ-ಸ್ಪೋರ್ಟ್ಸ್ ಒಂದು ಕ್ರೀಡೆ ಎಂದು ಅದು ಗುರುತಿಸುತ್ತದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಕಾಗದದ ಮೇಲೆ ಗೆರೆ ಸ್ಪಷ್ಟ. ಮನೆಯ ಬಾಗಿಲಲ್ಲಿ ನಿಂತ ತಾಯಿಗೆ ಆ ಗೆರೆ ಕಾಣಿಸುವುದು ಹೇಗೆ? ಪಂದ್ಯಕ್ಕೆ ಅಭ್ಯಾಸ ಮಾಡುವ ಮಗನೂ, ಜೂಜಿನಲ್ಲಿ ಸಾಲ ಮಾಡಿಕೊಳ್ಳುತ್ತಿರುವ ಮಗನೂ ಅವಳಿಗೆ ಒಂದೇ ಥರ ಕಾಣುತ್ತಾರೆ: ಬಗ್ಗಿದ ತಲೆ, ಓಡುವ ಹೆಬ್ಬೆರಳು. ಮೊದಲನೆಯವನನ್ನು ಅವಳು ಸುಮ್ಮನೆ ಬೈಯುತ್ತಾಳೆ, ಎರಡನೆಯವನನ್ನು ಸಮಯಕ್ಕೆ ಹಿಡಿಯಲಾರಳು. ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಇದು. ಹೊರಗಿನವರಿಗೆ ಅರ್ಥವಾಗದ ಆಟದಲ್ಲಿ ಮೆಚ್ಚುಗೆಯೂ ಕಾವಲೂ ಒಟ್ಟಿಗೇ ಕಳೆದುಹೋಗುತ್ತವೆ.

ಹಾಗೆಂದು ಕುಸ್ತಿ ಕಣವನ್ನು ಬರೀ ಹೊಗಳಿ ಮುಗಿಸುವಂತಿಲ್ಲ. ಆ ಆಟ ಎಲ್ಲರಿಗೂ ಅರ್ಥವಾಗುತ್ತಿತ್ತು, ಆದರೆ ಸುತ್ತ ಕೂತವರು ಬಹುಪಾಲು ಗಂಡಸರೇ. ಹೆಣ್ಣುಮಗಳು ಮಣ್ಣಿಗಿಳಿಯುವುದು ದೂರದ ಮಾತು, ಮುಂದೆ ಬಂದು ಕೂತು ನೋಡುವುದೂ ಅಪರೂಪವಾಗಿತ್ತು. ಫೋನಿನ ಆಟದಲ್ಲಿ ಅವಳು ಬೇರೊಂದು ಹೆಸರಿಟ್ಟುಕೊಂಡು ಯಾರ ಅಪ್ಪಣೆಯೂ ಇಲ್ಲದೆ ಆಡಬಲ್ಲಳು. ಊರಿಗೆ ಆ ಆಟ ತಿಳಿಯದಿರುವುದೇ ಅವಳಿಗೆ ಒಂದು ಮರೆ. ಆದ್ದರಿಂದ ಎಲ್ಲವೂ ಎಲ್ಲರ ಕಣ್ಣಿಗೂ ಬೀಳಲಿ ಎಂದು ನಾನು ಹೇಳಲಾರೆ.

ಹಾಗಾದರೆ ನೋಡುಗರಿಗಾಗಿ ಆಟವನ್ನೇ ಬದಲಿಸಬೇಕೆ? 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ದಾಳಿಗೆ 30 ಸೆಕೆಂಡುಗಳ ಮಿತಿಯಿದೆ. ದಾಳಿಗಾರನ ಉಸಿರು ದೂರ ಕೂತವರಿಗೆ ತಿಳಿಯದು, ಓಡುವ ಗಡಿಯಾರ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಆಟದ ಜೀವ ಉಳಿಯಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪಬ್‌ಜಿಯನ್ನೂ ಪದಕದ ಆಟವಾಗಿ ಸೇರಿಸಿದರು. ಆದರೆ ಆಟಗಾರರು ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದನ್ನು ಕೈಬಿಟ್ಟು, ಗುರಿಗಳಿಗೆ ಹೊಡೆಯುತ್ತ ಓಡುವ ಸ್ಪರ್ಧೆಯಾಗಿ ಅದನ್ನು ಮಾರ್ಪಡಿಸಿದ್ದರು. ಸಭ್ಯವಾಗಿತ್ತು, ಸರಳವೂ ಆಗಿತ್ತು. ಆದರೆ ಕಟ್ಟೆಯ ಮೇಲಿನ ಹುಡುಗರು ಆಡುವ ಆಟ ಅದಾಗಿರಲಿಲ್ಲ.

ಆಟವನ್ನು ಬದಲಿಸದೆ ನೋಡುಗನನ್ನು ಒಳಕ್ಕೆ ಕರೆದುಕೊಳ್ಳುವ ಒಂದು ದಾರಿ ನಮ್ಮ ದೊಡ್ಡಾಟದಲ್ಲಿದೆ. ಪಾತ್ರವೊಂದು ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು, ನೀನು ಯಾರು, ಎಲ್ಲಿಂದ ಬಂದೆ, ಬಂದ ಕೆಲಸವೇನು ಎಂದು ವಿಚಾರಿಸುತ್ತಾನೆ. ಅವನಿಗೆ ಉತ್ತರ ಗೊತ್ತಿದೆ. ಆದರೂ ಗೊತ್ತಿಲ್ಲದವರ ಪರವಾಗಿ ಕೇಳುತ್ತಾನೆ. ಬಿಜಿಎಂಐ ಪ್ರಸಾರದ ವೀಕ್ಷಕ ವಿವರಣೆಗಾರರು ಹೆಚ್ಚಾಗಿ ಹಿಂದಿ, ಇಂಗ್ಲಿಷಿನಲ್ಲಿ, ಬಲ್ಲವರೊಡನೆ ಬಲ್ಲವರ ಹಾಗೆ ಮಾತಾಡುತ್ತಾರೆ. ಅದನ್ನೇ ಕನ್ನಡಕ್ಕೆ ತಂದರೂ ಸಾಲದು. ಈಗ ಅವನು ಯಾಕೆ ಅಡಗಿದ್ದಾನೆ, ಹೊರಬಂದರೆ ಏನಾಗುತ್ತದೆ, ಯಾವುದು ಧೈರ್ಯ, ಯಾವುದು ಹುಂಬತನ ಎಂದು ನಿಲ್ಲಿಸಿ ಕೇಳುವ ಒಬ್ಬರು ಬೇಕು.

ಆ ಕೆಲಸಕ್ಕೆ ವಾಹಿನಿಗಳಿಗಾಗಿ ಕಾಯಬೇಕಿಲ್ಲ. ಹಿರಿಯರು ತಿಳಿಯುತ್ತಿಲ್ಲ ಎಂದಾಗ ಕಟ್ಟೆಯ ಮೇಲಿನ ಹುಡುಗರಲ್ಲಿ ಒಬ್ಬ ತನ್ನ ಸರದಿ ಬಿಟ್ಟು ಅವರ ಪಕ್ಕ ಕೂತು ಹೇಳಬಹುದು. ಹಿರಿಯರೂ ಬರೀ ಬೆರಳಾಟ ಎಂದು ಎದ್ದುಹೋಗುವ ಮೊದಲು ಒಂದು ಪಂದ್ಯ ಮುಗಿಯುವ ತನಕ, ಅರ್ಧ ಗಂಟೆ, ಕೂರಬಹುದು. ತೆಂಗಿನಕಾಯಿ ಕುಸ್ತಿಯಿಂದ ಬೆಳ್ಳಿ ಕಡದ ಕುಸ್ತಿಯವರೆಗೆ ಬಿಸಿಲಲ್ಲಿ ಕೂತು ನೋಡಿದವರಿಗೆ ಅದು ಹೆಚ್ಚಿನ ಹೊತ್ತೇನಲ್ಲ.