ಮುಚ್ಚಿದ ಪೆಟ್ಟಿಗೆ, ಮುಚ್ಚಿಟ್ಟ ಮಾತು

ಕಳಸಾಪುರದ ನನ್ನ ತಂಗಿಯ ಮನೆಯ ಅಟ್ಟದ ಮೇಲೆ ಇಪ್ಪತ್ತೆಂಟು ಸಣ್ಣ ಪೆಟ್ಟಿಗೆಗಳಿವೆ. ಎಲ್ಲದರಲ್ಲೂ ಲೋಹದ ಆಟಿಕೆ ಕಾರುಗಳು. ಒಂದನ್ನೂ ತೆರೆದಿಲ್ಲ. ಅವು ಆಡುವುದಕ್ಕಲ್ಲ, ಇಟ್ಟುಕೊಂಡು, ಬೆಲೆ ಬಂದಾಗ ಮಾರುವುದಕ್ಕೆ. ತಂಗಿಯ ಮಗ ಗದಗ, ಹುಬ್ಬಳ್ಳಿಯ ಹಳೆಯ ಅಂಗಡಿಗಳಲ್ಲಿ ಮೂಲೆಗೆ ಬಿದ್ದ ಮಾಲನ್ನು ಹುಡುಕಿ ತರುತ್ತಾನೆ. ಮೊಬೈಲಿನಲ್ಲಿ ಫೋಟೊ ಹಾಕಿ, ಮುಖ ನೋಡದ ಮಂದಿಗೆ ಮಾರುತ್ತಾನೆ. ಈ ವ್ಯಾಪಾರದ ವಿಚಿತ್ರವೆಂದರೆ, ಪೆಟ್ಟಿಗೆ ತೆರೆದ ಕ್ಷಣವೇ ಅದರ ಬೆಲೆ ಇಳಿದುಹೋಗುತ್ತದೆ. ಒಳಗಿನ ವಸ್ತುವಿಗಿಂತ ಅದನ್ನು ಯಾರೂ ನೋಡಿಲ್ಲ ಎಂಬುದಕ್ಕೇ ಹೆಚ್ಚು ದುಡ್ಡು.

ಒಂದು ಸಂಜೆ ಅವನು ಒಂದು ಪೆಟ್ಟಿಗೆ ಹಿಡಿದು ನನ್ನ ಬಳಿ ಬಂದ. "ಮಾಮೂ, ಇದಕ್ಕ ನಾಲ್ಕು ಸಾಲು ಛಂದಾಗಿ ಬರದು ಕೊಡ್ರಿ" ಅಂದ. ಕಥೆ ಬರೆಯುವವನಿಗೆ ಇಷ್ಟು ಹೊಗಳಿಕೆ ಸಾಕು. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಾಗ ಒಳಗೆ ಏನೋ ಸಣ್ಣದು ಉರುಳಿದ ಸದ್ದಾಯಿತು. ಇಬ್ಬರೂ ಕೇಳಿದೆವು. ಅವನು ನನ್ನ ಮುಖ ನೋಡಿದ, ನಾನು ಕಾಗದ ನೋಡಿದೆ. "ಎಂದೂ ತೆರೆದಿಲ್ಲ. ಅಂಗಡಿಯಿಂದ ಬಂದ ಹಾಗೆಯೇ ಇದೆ. ಒಳಗಿನದನ್ನು ನಾವೂ ನೋಡಿಲ್ಲ" ಎಂದು ಬರೆದುಕೊಟ್ಟೆ. ಒಂದೊಂದು ಮಾತೂ ನಿಜ.

ಸಾವಿರದೆಂಟುನೂರಕ್ಕೆ ತಂದದ್ದು ನಾಲ್ಕೂವರೆ ಸಾವಿರಕ್ಕೆ ಹೋಯಿತು. ಕೊಂಡವರು ಮೈಸೂರಿನವರು. ತಮ್ಮ ಬಾಲ್ಯದ ಕಾರು ಅದೆಂದು ಬರೆದಿದ್ದರಂತೆ. ವಾರದ ಮೇಲೆ ಅವರು ಫೋಟೊ ಕಳಿಸಿದರು. ಒಂದು ಗಾಲಿ ಕಳಚಿ ಬಿದ್ದಿತ್ತು. ಒಳಗೆ ಇಟ್ಟಿದ್ದ ಸ್ಪಂಜು ಕರಗಿ ಬಣ್ಣಕ್ಕೆ ಅಂಟಿಕೊಂಡಿತ್ತು. ಹಳೆಯ ಪೆಟ್ಟಿಗೆಗಳಲ್ಲಿ ಇಂಥದ್ದು ಅಪರೂಪವಲ್ಲ. ಸ್ಪಂಜು, ರಬ್ಬರು ಕಾಲಕ್ರಮದಲ್ಲಿ ಕೆಡುತ್ತವೆ. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆಯಿದ್ದರೆ ಲೋಹವೇ ಬಿರಿದು ಪುಡಿಯಾಗುತ್ತದೆ. ಯಾರೂ ಮುಟ್ಟಲಿಲ್ಲವೆಂದು ವಸ್ತು ಕೆಡದೆ ಉಳಿಯುವುದಿಲ್ಲ.

ಅವರು ಹಣ ಕೇಳಿದರು. ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಹುಡುಗ ಕನ್ನಡಕ್ಕೆ ಇಳಿದ: "ನಾವೇನರ ಸುಳ್ಳ ಹೇಳೇವೇನ್ರಿ? ತೆರದಿಲ್ಲ ಅಂದ್ವಿ, ತೆರದಿದ್ದಿಲ್ಲ. ನೋಡಿಲ್ಲ ಅಂದ್ವಿ, ನೋಡಿದ್ದಿಲ್ಲ. ಪೆಟಿಗಿ ಒಡದವರು ಅವರು. ಒಡದ ಪೆಟಿಗಿ ನನಗ ತಿರುಗಿ ಬಂದ್ರ ಅದನ್ನ ಯಾರ್ ತಗೋತಾರ?"

ಅವನ ವಾದ ಹಗುರವಾದುದಲ್ಲ. ಕಾನೂನಿನಲ್ಲೂ ಅದಕ್ಕೆ ಆಸರೆಯಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು, ಸುಮ್ಮನಿರುವುದಷ್ಟೇ ವಂಚನೆಯಾಗುವುದಿಲ್ಲ ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಒಂದು ಕುದುರೆಯದು. ಕುದುರೆಗೆ ಐಬಿದೆಯೆಂದು ಮಾಲೀಕನಿಗೆ ಗೊತ್ತು; ಹರಾಜಿನಲ್ಲಿ ಬಾಯಿ ಬಿಡದೆ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಹೇಳಲೇಬೇಕು. ನೀನು ಅಲ್ಲವೆನ್ನದಿದ್ದರೆ ಕುದುರೆ ಗಟ್ಟಿಯಿದೆ ಎಂದುಕೊಳ್ಳುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ, ಆಗ ಮೌನವೂ ಮಾತೇ. 2020ರ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ವ್ಯಾಪಾರಿಗಳ ಮೇಲೆ ಹಲವು ಹೊಣೆ ಹೊರಿಸಿವೆ. ಆದರೆ ಕಸುಬಾಗಿ, ನಿಯಮಿತವಾಗಿ ಮಾರದೆ ಖಾಸಗಿಯಾಗಿ ಎಲ್ಲೋ ಒಂದನ್ನು ಮಾರುವವನು ಅವುಗಳ ಹೊರಗೆ ಉಳಿಯುತ್ತಾನೆ.

ಆ ಮಗಳ ಉದಾಹರಣೆ ನನ್ನನ್ನು ಬಹಳ ಕಾಡಿತು. ಮಗಳಿಗೆ ಹೇಳಬೇಕಾದದ್ದನ್ನು ಮೈಸೂರಿನವರಿಗೆ ಹೇಳಬೇಕಿಲ್ಲ ಎಂದರೆ, ಎಲ್ಲಿಗೆ ಬಂದು ನಮ್ಮ ಸತ್ಯ ನಿಂತುಹೋಗುತ್ತದೆ?

ಮಾರುಕಟ್ಟೆಗೆ ಬಂದ ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರಸಂಗ ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಮೇಲೆ ಒಣ ಕಾಳು, ಒಳಗೆ ತೇವ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದರು. ಗಮನಿಸಬೇಕಾದದ್ದು ಇದು: ಮಳೆ ಬಂದದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ರಾಶಿ ಹಾಕಿದ ರೀತಿಯೇ ಅವನ ಪರವಾಗಿ ಸುಳ್ಳು ಹೇಳುತ್ತಿತ್ತು. ಮೆಣಸಿನಕಾಯಿ ಚೀಲದ ಬಾಯಲ್ಲಿ ಒಣ ಕಾಯಿ ಜೋಡಿಸಿ, ಒಳಗೆ ತೂಕಕ್ಕಾಗಿ ನೀರು ಚಿಮುಕಿಸಿದ ಕಾಯಿ ತುಂಬುವುದನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಬರೆದ ಸಾಲುಗಳೂ ಹಾಗೆಯೇ ಜೋಡಿಸಿದ ಒಣ ಕಾಯಿ.

ಆದರೆ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ರಾಶಿಗೆ ಕೈ ಹಾಕಬಹುದು. ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡಬಹುದು. ತೆರೆದರೆ ಬೆಲೆಯೇ ಹೋಗುವ ವಸ್ತುವಿಗೆ ಏನು ಮಾಡುವುದು? ನಮ್ಮ ಹಿರಿಯ ನ್ಯಾಯಶಾಸ್ತ್ರಜ್ಞರು ಆಟಿಕೆ ಕಾರು ಕಂಡಿರಲಿಲ್ಲ, ಕೋಳಿಮೊಟ್ಟೆ ಕಂಡಿದ್ದರು. ಹನ್ನೆರಡನೇ ಶತಮಾನದ ಹಿದಾಯಾ ಗ್ರಂಥ ಮೊಟ್ಟೆ, ಕಲ್ಲಂಗಡಿ, ಸೌತೆಕಾಯಿ, ಅಕ್ರೋಟುಗಳ ಲೆಕ್ಕ ಹಾಕುತ್ತದೆ. ಒಡೆದ ಮೇಲೆ ಕೊಳೆತದ್ದು ಗೊತ್ತಾಯಿತು. ಯಾವ ಕೆಲಸಕ್ಕೂ ಬಾರದಿದ್ದರೆ ಪೂರಾ ಹಣ ವಾಪಸು. ಸ್ವಲ್ಪವಾದರೂ ಉಪಯೋಗಕ್ಕೆ ಬರುವಂತಿದ್ದರೆ, ಒಡೆದದ್ದನ್ನು ಮಾರಿದವನ ಕೊರಳಿಗೆ ಕಟ್ಟುವಂತಿಲ್ಲ. ಐಬಿನಿಂದ ಕಡಿಮೆಯಾದ ಬೆಲೆಯಷ್ಟನ್ನು ಅವನು ಕೊಡಬೇಕು. ಅಂಗಡಿಯವನಿಗೂ ಒಳಗಿನದು ಗೊತ್ತಿರಲಿಲ್ಲವಲ್ಲ? ನಿಜ. ಆದರೆ ಅವನು ಎಣಿಸಿಕೊಂಡದ್ದು ಒಳ್ಳೆಯ ಮೊಟ್ಟೆಯ ಬೆಲೆ. ಗೊತ್ತಿರಲಿಲ್ಲ ಎಂಬುದು ಅವನನ್ನು ಪಾಪದಿಂದ ಬಿಡಿಸೀತು. ಆ ಹಣ ಅವನದಾಗುವುದಿಲ್ಲ.

ಬಿತ್ತನೆ ಬೀಜದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2012ರಲ್ಲಿ ಇದೇ ಜಾಡಿನಲ್ಲಿ ನಡೆಯಿತು. ಬೀಜ ಕೆಟ್ಟದ್ದೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ತೋರಿಸಿಲ್ಲ ಎಂದು ಮಾರಿದವರು ವಾದಿಸಿದರು. ಇದ್ದ ಬೀಜವನ್ನೆಲ್ಲ ಬಿತ್ತಿದ ರೈತ ಪರೀಕ್ಷೆಗೆಂದು ಎತ್ತಿಡುತ್ತಾನೆಂದು ನಿರೀಕ್ಷಿಸಲಾಗದು ಎಂದು ಕೋರ್ಟು ಹೇಳಿತು. ವಸ್ತುವನ್ನು ಬಳಸಿದರಷ್ಟೇ ಐಬು ತಿಳಿಯುವುದಾದರೆ, ಬಳಸಿದ್ದನ್ನೇ ಅಪರಾಧ ಮಾಡುವುದು ನ್ಯಾಯವಲ್ಲ.

ಮುದ್ರೆ ನೋಡಿ ನಂಬಿ ಹೋದವರು ದೊಡ್ಡವರಲ್ಲೂ ಇದ್ದಾರೆ. ಅಮೆರಿಕದ ಲೋಗನ್ ಪಾಲ್ ಎಂಬ ಯೂಟ್ಯೂಬ್ ತಾರೆ 35 ಲಕ್ಷ ಡಾಲರು ಕೊಟ್ಟು ಪೋಕೆಮಾನ್ ಇಸ್ಪೀಟಿನಂಥ ಎಲೆಗಳ ಮುಚ್ಚಿದ ಪೆಟ್ಟಿಗೆಯೊಂದನ್ನು ಕೊಂಡ. ಜನವರಿ 2022ರಲ್ಲಿ ತೆರೆದಾಗ ಒಳಗಿದ್ದವು ಬೇರೆಯವೇ ಎಲೆಗಳು. ಪೆಟ್ಟಿಗೆ ಅಸಲಿಯೆಂದು ಪರಿಣತರು ಮೊದಲೇ ಹೇಳಿದ್ದರು.

ಹಾಗಾದರೆ "ಐಬಿಗೆ ನಾನು ಹೊಣೆಯಲ್ಲ" ಎಂದು ಮೊದಲೇ ಹೇಳಿ ಮಾರಿದರೆ? ಹನಫೀ ಪಂಡಿತರು ಆ ಷರತ್ತನ್ನು ಒಪ್ಪುತ್ತಾರೆ. ಇಮಾಮ್ ಮಾಲಿಕ್ ಒಂದು ಗೆರೆ ಎಳೆಯುತ್ತಾರೆ: ಗೊತ್ತಿದ್ದು ಮುಚ್ಚಿಟ್ಟವನನ್ನು ಷರತ್ತು ಕಾಯುವುದಿಲ್ಲ. ಅವರ ಮುವತ್ತಾದಲ್ಲಿ ಒಂದು ವ್ಯಾಜ್ಯವಿದೆ. ಅಬ್ದುಲ್ಲಾ ಇಬ್ನ್ ಉಮರ್ ಒಬ್ಬ ಗುಲಾಮನನ್ನು ಇಂಥ ಷರತ್ತಿನ ಮೇಲೆ 800 ದಿರ್ಹಮಿಗೆ ಮಾರಿದರು. ಮನುಷ್ಯನನ್ನೇ ಸರಕು ಮಾಡಿದ ಆ ಕಾಲದ ರೂಢಿ ನಮಗಿಂದು ಸಹ್ಯವಲ್ಲ. ತೀರ್ಪಿನೊಳಗಿನ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಕೊಂಡವನು ಕಾಯಿಲೆಯ ದೂರು ತಂದ. ಖಲೀಫ ಉಸ್ಮಾನ್ ಅವರು ಷರತ್ತಿನ ಅರ್ಥ ಬಿಡಿಸುತ್ತ ಕೂರಲಿಲ್ಲ. ಮಾರುವಾಗ ಐಬು ಗೊತ್ತಿರಲಿಲ್ಲವೆಂದು ಆಣೆ ಮಾಡು ಎಂದರು. ಇಬ್ನ್ ಉಮರ್ ಆಣೆ ಮಾಡಲಿಲ್ಲ. ಗುಲಾಮನನ್ನು ಹಿಂದಕ್ಕೆ ಪಡೆದರು.

ನನಗೆ ತೋಚುವುದು ಇಷ್ಟು. ಮುಚ್ಚಿದ ವಸ್ತುವನ್ನು ಮಾರುವುದು ತಪ್ಪಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಮಾರಬಹುದು. ಆದರೆ ಆ ಅಜ್ಞಾನದಲ್ಲಿ ಇಬ್ಬರಿಗೂ ಸಮಪಾಲಿರಬೇಕು. ಮಾರುವವನ ಕಿವಿಗೆ ಬಿದ್ದ ಸದ್ದು ಕೊಳ್ಳುವವನ ಕಿವಿಗೂ ಬೀಳಬೇಕು. ಸಂತೆಯಲ್ಲಾದರೆ ಅವನೇ ಪೆಟ್ಟಿಗೆ ಎತ್ತಿ ಅಲುಗಾಡಿಸಿ ನೋಡುತ್ತಿದ್ದ. ಮೊಬೈಲಿನ ಫೋಟೊಕ್ಕೆ ಸದ್ದಿಲ್ಲ, ತೂಕವಿಲ್ಲ, ವಾಸನೆಯಿಲ್ಲ. ಅವನ ಕಣ್ಣು, ಕಿವಿ, ಕೈ ಎಲ್ಲವೂ ನಮ್ಮ ಬಳಿ ಒತ್ತೆಯಿವೆ. ಅದರಿಂದ ಹೇಳಬೇಕಾದ ಹೊಣೆ ಹೆಚ್ಚುತ್ತದೆ. ಇನ್ನೊಂದು, ಬೇಕೆಂದೇ ತಿಳಿಯದೆ ಉಳಿಯುವುದು ಅಜ್ಞಾನವಲ್ಲ. ಸದ್ದು ಕೇಳಿ ಕಾಗದ ನೋಡಿದ ನನಗೆ ಅದು ಚೆನ್ನಾಗಿ ಗೊತ್ತು.

ಅಂದು ರಾತ್ರಿ ಹುಡುಗನಿಗೆ ಮುವತ್ತಾದ ಕಥೆ ಹೇಳಿ, "ಆಣೆ ಮಾಡ್ತೀಯೇನು?" ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನೀವು ಮಾಡ್ತೀರೇನ್ರಿ ಮಾಮೂ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಮೈಸೂರಿನವರಿಗೆ ಪೂರಾ ಹಣ ಕಳಿಸಿದೆವು. ಅರ್ಧ ಅವನದು, ಅರ್ಧ ನನ್ನದು. ಅವರು ಕಾರನ್ನು ಮರಳಿ ಕಳಿಸಿದರು. ಗಾಲಿ ಕಳಚಿದ ಆ ಕಾರಿನಿಂದ ಈಗ ತಂಗಿಯ ಮೊಮ್ಮಗಳು ಆಡುತ್ತಾಳೆ.

ಅಟ್ಟದ ಮೇಲೆ ಸದ್ದು ಮಾಡುವ ಇನ್ನೊಂದು ಪೆಟ್ಟಿಗೆಯಿತ್ತು. ಅದಕ್ಕೆ ಹುಡುಗನೇ ಬರೆದ: "ತೆರದಿಲ್ಲ. ಅಳ್ಳಾಡಿಸಿದ್ರ ಒಳಗ ಸಪ್ಪಳ ಬರ್ತದ." ನನ್ನ ಸಾಲಿಗಿಂತ ಒಳ್ಳೆಯ ಸಾಲು. ಪೆಟ್ಟಿಗೆ ಇನ್ನೂ ಮಾರಾಟವಾಗಿಲ್ಲ.